ಕಿವಿಗೆ ಬಿದ್ದವರ ಕಾನೂನು

ನಮ್ಮ ಊರಿನಲ್ಲಿ ಕಾನೂನು ಕಿವಿಗೆ ಬಿದ್ದವರನ್ನು ಮಾತ್ರ ಹಿಡಿಯುತ್ತದೆ. ನನ್ನಂಥವಳಿಗೂ ಇಲ್ಲಿ ಒಂದು ಬೆಲೆಯಿರುವುದು ಅದಕ್ಕೇ. ರಾಜಧಾನಿಯಲ್ಲಿ ಯಾರೋ ದೊಡ್ಡವರು ಕೂತು ಬರೆದದ್ದು ತಗಡಿನ ಕೊಳವೆಯೊಳಗೆ ಸುತ್ತಿಕೊಂಡು, ಮಧ್ಯಾಹ್ನದ ಬಸ್ಸಿನಲ್ಲಿ ಡ್ರೈವರನ ಪಕ್ಕದ ಸೀಟಿನ ಮೇಲೆ ಬರುತ್ತದೆ. ನಾನು ಅದನ್ನು ಬಿಚ್ಚಿ, ತಮಟೆ ಬಡಿದು, ಒಂಬತ್ತು ಚೌಕಗಳಲ್ಲಿ ನಿಂತು ಓದುತ್ತೇನೆ. ಅದು ಯಾರಿಗೆ ಸಂಬಂಧಪಟ್ಟಿದೆಯೋ ಅವರ ಹಿಮ್ಮಡಿ ಜುಮ್ಮೆನ್ನುತ್ತದೆ. ಜುಮ್ಮೆಂದಿತೋ, ಕಾನೂನು ಹಿಡಿಯಿತು. ಅರ್ಥವಾಗಲೇಬೇಕೆಂದಿಲ್ಲ. ಅರ್ಥವಾದ ಮೇಲೇ ಹಿಡಿಯುವುದಾಗಿದ್ದರೆ, ಓದುವ ನನ್ನನ್ನೇ ಮುಕ್ಕಾಲು ಕಾನೂನುಗಳು ಬಿಟ್ಟುಹೋಗುತ್ತಿದ್ದವು.

ರಸ್ತೆಯ ಎಡಗಡೆಯೇ ನಡೆಯಬೇಕೆಂದು ನಮ್ಮಪ್ಪ ಸಾರಿದ ದಿನ, ಸಂತೆಗೆ ಹೊರಟವರ ಕಾಲುಗಳು ತಾವೇ ಎಡಕ್ಕೆ ಸರಿದವಂತೆ. ಬಲಗಡೆಯ ಅಂಗಡಿಯವರು ಬಾಯಿ ಬಡಿದುಕೊಂಡರು. ವಾಪಸು ಬರುವಾಗ ಅವೇ ಕಾಲುಗಳು ತಮ್ಮ ಅಂಗಡಿಯ ಮುಂದೆ ಹಾಯುತ್ತವೆ ಎಂಬುದು ಅವರಿಗೆ ಹೊಳೆಯುವ ಹೊತ್ತಿಗೆ ಸಂಜೆಯಾಗಿತ್ತು. ಬೀದಿಯಲ್ಲಿ ಉಗುಳಬಾರದೆಂದು ನಾನೇ ಸಾರಿದ ದಿನ ಎಲೆಯಡಿಕೆಯವರೆಲ್ಲ ಕೆನ್ನೆ ಉಬ್ಬಿಸಿಕೊಂಡು ಊರಾಚೆಯ ಹಳ್ಳದವರೆಗೆ ಓಡಿದರು. ಈಗ ಯಾರಿಗೂ ಅದು ವಿಶೇಷವಲ್ಲ. ಬೇಕಾದ ಕಾನೂನು ಬರುತ್ತದೆಂದು ಸುಳಿವು ಸಿಕ್ಕರೆ ಹೆಂಗಸರು ಕಿಟಕಿಗೆ ಜೋತುಬೀಳುತ್ತಾರೆ, ಹಸುಗೂಸುಗಳನ್ನು ಎಬ್ಬಿಸಿ ಎತ್ತಿ ಹಿಡಿಯುತ್ತಾರೆ. ಬೇಡದ್ದು ಬರುತ್ತದೆಂದರೆ ಕಿವಿಗೆ ಹತ್ತಿ. ಹತ್ತಿ ಇಟ್ಟುಕೊಂಡವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಅಂಥವರು ನನ್ನನ್ನು ನೋಡಿ ಬಹಳ ಚೆನ್ನಾಗಿ ನಗುತ್ತಾರೆ.

ನನ್ನ ತಂಗಿ ದೇವೀರಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಡಂಗುರ ಸಾರುವ ಮನೆಯಲ್ಲಿ ಅಂಥ ಮಗು ಹುಟ್ಟಿತಲ್ಲ ಎಂದು ಊರವರು ಒಂದು ತಿಂಗಳು ಆಡಿಕೊಂಡರಂತೆ. ಅವಳಿಗೆ ಅದೂ ಕೇಳಿಸಲಿಲ್ಲ. ಒಂದು ಕಾನೂನೂ ಮುಟ್ಟದೆ ಬೆಳೆದ ಹುಡುಗಿ ಅವಳು. ರಸ್ತೆಯ ನಟ್ಟನಡುವೆ ನಡೆಯುತ್ತಿದ್ದಳು. ಪುರಸಭೆಯ ಪಾರ್ಕಿನಲ್ಲಿ ಹೂವಿನ ಗಿಡಕ್ಕೆ ಕೈ ಹಾಕಲು ಹೋದರೆ ನಮ್ಮೆಲ್ಲರ ಬೆರಳುಗಳು ತಾವೇ ಮುದುರಿಕೊಳ್ಳುತ್ತಿದ್ದವು. ಅವಳು ಮಡಿಲು ತುಂಬ ಕಿತ್ತು ತರುತ್ತಿದ್ದಳು. “ಪುಣ್ಯವಂತೆ ಕಣವ್ವ ನಿನ್ ತಂಗಿ, ಯಾವ್ ಸರ್ಕಾರದ ಹಂಗೂ ಇಲ್ಲ,” ಎಂದು ಗಾಣದ ಬೀದಿಯ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ನನಗೂ ಅದು ಹಿತವಾಗಿಯೇ ಇತ್ತು. ಮನೆಯಲ್ಲಿ ಒಬ್ಬಳಾದರೂ ಗಾಳಿಯ ಹಾಗೆ ಇದ್ದಾಳಲ್ಲ ಎಂದುಕೊಳ್ಳುತ್ತಿದ್ದೆ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ನಮ್ಮಿಬ್ಬರಿಗೂ ಕೈಮಾತು ಇತ್ತು. ಯಾರೂ ಕಲಿಸಿದ್ದಲ್ಲ, ಹಿತ್ತಲಲ್ಲಿ ಆಡುತ್ತ ಆಡುತ್ತ ಹುಟ್ಟಿಕೊಂಡದ್ದು. ಮೂಗಿನ ಮೇಲೆ ಬೆರಳಿಟ್ಟರೆ ಅತ್ತೆ, ಯಾಕೆಂದರೆ ಅತ್ತೆಗೆ ದೊಡ್ಡ ಮೂಗುತಿ. ಎರಡು ಅಂಗೈ ತಟ್ಟಿದರೆ ರೊಟ್ಟಿ. ಗದ್ದ ತಿರುವಿದರೆ ಸುಳ್ಳು. ಹಿತ್ತಲಲ್ಲಿ ನಮ್ಮದು ಗಲಗಲ ಮಾತು. ಬೀದಿಗೆ ಬಂದರೆ ನನ್ನ ಕೈ ಸೆರಗಿನೊಳಗೆ. ಅದು ಅಪ್ಪನ ಕಟ್ಟಳೆ. ಬಾಯಿಯಿಂದ ಬದುಕುವ ಮನೆಯವರು ಕೈ ಆಡಿಸಿಕೊಂಡು ನಿಂತರೆ ಮರ್ಯಾದೆ ಏನಾಗಬೇಕು ಎನ್ನುತ್ತಿದ್ದರು. ಅಪ್ಪನ ದನಿ ಎಷ್ಟು ದೊಡ್ಡದೆಂದರೆ ಹಳ್ಳದ ಆಚೆ ದಡದ ದನಗಳೂ ಎಡಗಡೆಯೇ ನಡೆಯುತ್ತಿದ್ದವು. ಅಷ್ಟು ದೊಡ್ಡ ದನಿ ಮನೆಯಲ್ಲಿ ಒಬ್ಬಳನ್ನು ಮುಟ್ಟುವುದಿಲ್ಲ ಎಂಬುದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತೇನೋ. ನಾನು ಕೇಳಲಿಲ್ಲ.

ದೇವೀರಿಗೆ ಆರು ತುಂಬಿದಾಗ ನನಗೆ ಒಂಬತ್ತು. ಆ ವರ್ಷ ಮಕ್ಕಳ ಶಾಲೆಯ ಕಾನೂನು ಬಂತು. ಆರು ತುಂಬಿದ, ಹದಿನಾಲ್ಕು ದಾಟದ ಮಕ್ಕಳೆಲ್ಲ ಶಾಲೆಗೆ ಹೋಗತಕ್ಕದ್ದು ಎಂದು ಅಪ್ಪ ಸಾರಿದರು. ಮಾರನೆಯ ಬೆಳಿಗ್ಗೆ ಊರಿನ ಮಕ್ಕಳ ಕಾಲುಗಳೆಲ್ಲ ಎದ್ದು ಹೊರಟವು. ಕುರಿ ಕಾಯುತ್ತಿದ್ದವರು ಕುರಿ ಬಿಟ್ಟು, ಪಾತ್ರೆ ತೊಳೆಯುತ್ತಿದ್ದವರು ಪಾತ್ರೆ ಬಿಟ್ಟು, ಅರ್ಧ ಜಡೆ ಹೆಣೆಸಿಕೊಂಡವರು ಇನ್ನರ್ಧ ಬಿಟ್ಟು. ನನ್ನ ಕಾಲೂ ಹೊರಟಿತು. ತಿರುಗಿ ನೋಡಿದರೆ ದೇವೀರಿ ಹೊಸಿಲ ಮೇಲೆ ನಿಂತಿದ್ದಳು. ತನ್ನ ಪಾದ ನೋಡಿಕೊಂಡಳು, ನನ್ನ ಪಾದ ನೋಡಿದಳು. ಆಮೇಲೆ ಇದ್ದಿಲು ತಗೊಂಡು ಅಂಗಳದ ಹಾಸುಗಲ್ಲಿನ ಮೇಲೆ, ಹೋಗುತ್ತಿದ್ದ ಮಕ್ಕಳ ಸಾಲು ಬಿಡಿಸುತ್ತ ಕೂತಳು. ಆ ದಿನ ಸಂಜೆ ನಾನು, “ಅವಳ್ಗೂ ಕೈಯಾಗೆ ಹೇಳಪ್ಪೋ,” ಎಂದೆ. “ಡಂಗುರದೋನು ಕೈ ಕುಣಿಸ್ಕಂಡು ನಿಂತ್ರೆ ಊರು ನಗಾಕಿಲ್ವೇನೇ?” ಎಂದು ಅಪ್ಪ ಗದರಿದರು. ನಾನು ಆ ಮಾತನ್ನು ಮರೆತೆ. ಮರೆತೆ ಎಂದು ಹೇಳಿಕೊಂಡೆ. ಶಾಲೆಯಲ್ಲಿ ಕಲಿತದ್ದನ್ನು ಹಿತ್ತಲಲ್ಲಿ ಸ್ಲೇಟಿನ ಮೇಲೆ ಅವಳಿಗೆ ಬರೆದು ತೋರಿಸಿದೆ, ಅವಳು ನನಗಿಂತ ಬೇಗ ಕಲಿತಳು. ಅಷ್ಟಕ್ಕೇ ನನ್ನ ಮನಸ್ಸು ಸಮಾಧಾನ ಮಾಡಿಕೊಂಡಿತು.

ಅಪ್ಪ ಹೋದ ಮೇಲೆ ತಮಟೆ ನನ್ನ ಹೆಗಲಿಗೆ ಬಂತು. ಹತ್ತು ವರ್ಷ ಸಾರಿದೆ. ಆಮೇಲೆ ಒಂದು ಮಧ್ಯಾಹ್ನ ಬಸ್ಸಿನಲ್ಲಿ ಎಂದಿಗಿಂತ ದಪ್ಪನೆಯ ಕೊಳವೆ ಬಂತು. ನೂರಕ್ಕೂ ಹೆಚ್ಚು ಕಲಮುಗಳು. ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳಿಸದವರು, ಬುದ್ಧಿ ನಿಧಾನಕ್ಕೆ ಬೆಳೆಯುವವರು, ಹೀಗೆ ಇಪ್ಪತ್ತೊಂದು ಬಗೆಯ ಜನರನ್ನು ಹೆಸರಿಟ್ಟು ಕರೆದು, ಇವರಿಗೆಲ್ಲ ಊರಿನಲ್ಲಿ ಎಲ್ಲರಷ್ಟೇ ಹಕ್ಕಿದೆ ಎಂದು ಬರೆದಿತ್ತು. ಕಚೇರಿಗಳ ಬಾಗಿಲು ಎಲ್ಲರೂ ಒಳಗೆ ಬರುವಂತಿರಬೇಕು. ಸರ್ಕಾರಿ ಕೆಲಸದ ನೂರು ಕುರ್ಚಿಯಲ್ಲಿ ನಾಲ್ಕು ಇವರಿಗೆ, ಅದರಲ್ಲೂ ಒಂದು ಕಿವಿ ಕೇಳಿಸದವರಿಗೆ. ಆ ಸಾಲನ್ನು ಎರಡೆರಡು ಸಲ ಓದಿಕೊಂಡೆ. ಅಷ್ಟು ವರ್ಷ ಏನೇನೋ ಸಾರಿದ್ದೆ. ನನ್ನ ಮನೆಯ ಬಾಗಿಲಿಗೆ ಬರುವಂಥ ಕಾನೂನನ್ನು ಸಾರಿದ್ದು ಅದೇ ಮೊದಲು.

ಒಂಬತ್ತು ಚೌಕಗಳಲ್ಲಿ ಸಾರಲು ಮೂರು ದಿನ ಹಿಡಿಯಿತು. ಎರಡು ಕಾಲೂ ಸ್ವಾಧೀನವಿಲ್ಲದ ದರ್ಜಿ ಇಮಾಮಣ್ಣ ತನ್ನ ಮೂರು ಗಾಲಿಯ ಗಾಡಿಯಲ್ಲಿ ನನ್ನ ಹಿಂದೆಯೇ ಬಂದ. “ಇನ್ನೊಂದ್ಸಲ ಓದು ಸಾಕಮ್ಮ, ಆ ಮೆಟ್ಲಿನ ಕಲಮು,” ಎಂದು ಐದು ಸಲ ಓದಿಸಿದ. ನಾಲ್ಕನೆಯ ದಿನ ಅವನು ಅಂಚೆ ಕಚೇರಿಯ ಮುಂದೆ ಹೋಗಿ ನಿಂತಾಗ ಮೆಟ್ಟಿಲುಗಳು, ಬೆಕ್ಕು ಮೈಮುರಿದ ಹಾಗೆ, ನಿಧಾನಕ್ಕೆ ಚಾಚಿಕೊಂಡು ಇಳಿಜಾರಾದವು. ಇಮಾಮಣ್ಣ ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ. ಕಾಗದ ಹಾಕುವುದಿರಲಿಲ್ಲ, ಯಾರಿಗೂ ಬರೆಯುವುದೂ ಇರಲಿಲ್ಲ. ಹೂ ಮಾರುವ ಜವರಮ್ಮನಿಗೆ ಕಣ್ಣಿಲ್ಲ; ಅವಳ ಮುಂದೆ ಬಸ್ಸುಗಳು ನಿಂತು ತಾವು ಎಲ್ಲಿಗೆ ಹೋಗುತ್ತೇವೆಂದು ಹೇಳತೊಡಗಿದವು. ಒಂದು ಹಳೆಯ ಬಸ್ಸಿಗೆ ಗೊಗ್ಗರು ದನಿ, ಅದನ್ನು ಅವಳು ಮಾವ ಎಂದು ಕರೆಯುತ್ತಿದ್ದಳು. ಆ ವಾರವೆಲ್ಲ ಊರಿಗೆ ಒಂದು ಥರದ ಮಂಪರು. ಸದಾ ಮನೆಯೊಳಗಿದ್ದವರು ಬೀದಿಗೆ ಬಂದರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತರು. ಇಷ್ಟು ಜನ ಇದ್ದರೇ ನಮ್ಮೂರಲ್ಲಿ ಎಂದು ಎಲ್ಲರೂ ಬೆರಗಾದರು.

ದೇವೀರಿ ಮಾತ್ರ ಹಾಗೇ ಇದ್ದಳು. ಅವಳಿಗೆ ಸರ್ವೆ ಕಚೇರಿಯ ನಕಾಶೆ ಬರೆಯುವ ಕೆಲಸ ಬೇಕಿತ್ತು. ಇದ್ದಿಲಿನಿಂದ ಶುರುಮಾಡಿದವಳು ಅಷ್ಟು ಹೊತ್ತಿಗೆ ಊರಿನ ಪ್ರತಿ ಸಂದಿ, ಪ್ರತಿ ಬಾವಿ, ಪ್ರತಿ ಮರವನ್ನು ಕಣ್ಣು ಮುಚ್ಚಿ ಬರೆಯುತ್ತಿದ್ದಳು. ಕಚೇರಿಯವರು ಪರೀಕ್ಷೆಗೆಂದು ಕೆರೆಯ ನಕಾಶೆ ಬರೆಸಿದರು. ಅವಳು ಬರೆದ ಕೆರೆಯ ಮೇಲೆ ಅಲ್ಲಿನ ಜವಾನ ಕೈಯಿಟ್ಟು ನೋಡಿ, ಬೆರಳು ಒದ್ದೆಯಾಯಿತೆಂದು ಒರೆಸಿಕೊಂಡನಂತೆ. ಒಂಬತ್ತು ಜನ ಬರೆದಿದ್ದರು, ಅವಳದೇ ಮೊದಲು. ಆದರೂ ಕುರ್ಚಿ ಸಿಗಲಿಲ್ಲ. ಕಾನೂನು ಹಿಡಿಯಬೇಕಾದರೆ ಕೊಡುವವರಿಗೂ ಕೇಳಿರಬೇಕು, ಪಡೆಯುವವರಿಗೂ ಕೇಳಿರಬೇಕು. ಅದು ನಮ್ಮೂರಿನ ನೆಲದ ಗುಣ.

ಸರ್ವೆ ಕಚೇರಿಯ ಸೂಪರಿಂಟೆಂಡೆಂಟ್ ಪುಟ್ಟಸ್ವಾಮಯ್ಯನವರು ಹನ್ನೊಂದು ವರ್ಷದಿಂದ ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ. ಒಂದು ಕಾನೂನು ಬಂದು ಅವರ ನಶ್ಯ ಹೋಯಿತು. ಇನ್ನೊಂದು ಬಂದು ಮಧ್ಯಾಹ್ನದ ನಿದ್ದೆ ಹೋಯಿತು. ಮೂರನೆಯದು ಬಂದು, ಬೆಳಿಗ್ಗೆ ಹತ್ತು ಹೊಡೆಯುವುದರೊಳಗೆ ಅವರ ಕಾಲು ಅವರನ್ನು ಅರ್ಧ ಊಟದಿಂದ ಎಬ್ಬಿಸಿ ಕಚೇರಿಗೆ ಎಳೆದುಕೊಂಡು ಬರತೊಡಗಿತು. ಆ ದಿನವೇ ಹತ್ತಿ ಇಟ್ಟರು. ಕಚೇರಿಯವರು ಅವರ ಜೊತೆ ಚೀಟಿಯಲ್ಲೇ ಮಾತಾಡುತ್ತಿದ್ದರು. ನಾನು ತಂಗಿಯನ್ನು ಕರೆದುಕೊಂಡು ಹೋಗಿ, ಕಾನೂನು ಬಂದಿದೆ, ಅವಳ ಕುರ್ಚಿ ಅವಳಿಗೆ ಕೊಡಿ ಎಂದು ಬರೆದು ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು. “ನೋಡಮ್ಮ ಸಾಕಮ್ಮ, ಬರ್ದು ತೋರ್ಸಿದ್ದು ಹಿಡಿಯಲ್ಲ ಅಂತ ನಿಂಗೂ ಗೊತ್ತು. ಆ ಕಾನೂನು ನನ್ ಕಿವೀಗ್ ಬಿದ್ದಿಲ್ಲ. ನಿನ್ ತಂಗಿ ಕಿವೀಗೂ ಬಿದ್ದಿಲ್ಲ. ಕೇಳ್ದೆ ಇರೋ ನಾನು, ಕೇಳ್ದೆ ಇರೋ ಅವಳು. ನಮ್ಮಿಬ್ರ ಮಧ್ಯ ಯಾವ್ ಕಾನೂನು ಬರತ್ತೆ, ನೀನೇ ಹೇಳು,” ಎಂದರು. ಮುಂದಿನ ಸೋಮವಾರ ಹನ್ನೆರಡು ಗಂಟೆಗೆ ಎರಡನೆಯವನಿಗೆ ಆದೇಶ ಕೊಡುವುದಾಗಿಯೂ ಹೇಳಿದರು. ಪಕ್ಕದಲ್ಲಿದ್ದ ದೇವೀರಿ ಅವರ ತುಟಿ ನೋಡಲಿಲ್ಲ, ಗೋಡೆಗೆ ಒರಗಿಸಿಟ್ಟಿದ್ದ ತನ್ನ ಕೆರೆಯನ್ನೇ ನೋಡುತ್ತಿದ್ದಳು.

ಊರಿನ ಪಂಚರು ಸೇರಿದರು. ಅವರಿಗೆ ಅವಳ ಮೇಲೆ ಪ್ರೀತಿಯೇನೋ ಇತ್ತು, ತಲೆ ಮಾತ್ರ ನಮ್ಮೂರಿನದೇ. ಕೇಳಿಸದಿದ್ದರೆ ಜೋರಾಗಿ ಸಾರಬೇಕು, ಅಷ್ಟೇ ತಾನೆ ಎಂದರು. ಮೂರು ಹಳ್ಳಿಯಾಚೆಯಿಂದ ಎತ್ತಿನ ಗಾಡಿಯ ಮೇಲೆ ಒಂದು ನಗಾರಿ ಬಂತು. ಅದರೊಳಗೆ ಒಂದು ಸಂಸಾರ ಇರಬಹುದಿತ್ತು. ಊರಿನಲ್ಲಿ ಕಿವಿ ಕೇಳಿಸದವರು ಏಳು ಜನ: ನನ್ನ ತಂಗಿ, ಸುತ್ತಿಗೆಯ ಸದ್ದಿಗೇ ಕಿವಿ ಕಳೆದುಕೊಂಡ ಕಮ್ಮಾರ ಲಿಂಗಾಚಾರಿ, ಗಾಣದ ಬೀದಿಯ ಅಣ್ಣತಮ್ಮಂದಿರು ನಾಲ್ವರು, ಬಳೆಗಾರ ಚನ್ನಯ್ಯನ ಮಗಳು ನೀಲಿ. ನೀಲಿಗೆ ಆ ಯುಗಾದಿಗೆ ಆರು ತುಂಬಿತ್ತು. ಏಳೂ ಜನರನ್ನು ನಗಾರಿಯ ಸುತ್ತ ನಿಲ್ಲಿಸಿ, ಚರ್ಮದ ಮೇಲೆ ಅಂಗೈ ಇಡಿಸಿದರು. ನಾಲ್ಕು ಜಟ್ಟಿಗಳು ಬಡಿದರು, ನಾನು ಮಧ್ಯೆ ನಿಂತು ಗಂಟಲು ಹರಿಯುವಂತೆ ಕೂಗಿದೆ.

ಊರು ನಡುಗಿತು. ಗೂಡಿನಲ್ಲಿದ್ದ ಹಿತ್ತಾಳೆ ಚೊಂಬುಗಳು ಉರುಳಿದವು, ಹುಣಸೆಮರದ ಗಿಳಿಗಳೆಲ್ಲ ಹಾರಿಹೋಗಿ ಒಂದು ವಾರ ವಾಪಸು ಬರಲಿಲ್ಲ. ನೀಲಿ ಅಂಗೈ ತೆಗೆದು ನೋಡಿಕೊಂಡು, ಮತ್ತೆ ಇಟ್ಟು, ಕಚಗುಳಿಯಾದವಳಂತೆ ನಕ್ಕಳು. ದೇವೀರಿಯೂ ನಕ್ಕಳು. ಅವರಿಗೆ ಸಿಕ್ಕಿದ್ದು ಬರೀ ಗುಡುಗು. ಕಾನೂನು ಯಾರ ಹಿಮ್ಮಡಿಗೂ ಇಳಿಯಲಿಲ್ಲ. “ಇನ್ನೂ ದೊಡ್ಡದು ತರಿಸ್ಬೇಕು,” ಎಂದರು ಪಂಚರು, ಬೆವರೊರೆಸಿಕೊಳ್ಳುತ್ತ. ನನ್ನ ದನಿ ಬಿದ್ದುಹೋಗಿತ್ತು. ಕೂಗಿ ಕೂಗಿ ಗಂಟಲಿಂದ ಉಸಿರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅದು ಗುರುವಾರ.

ಮಾರನೆಯ ದಿನ ನಾನು ಹಿತ್ತಲಲ್ಲಿ ಬಿಸಿನೀರು ಕುಡಿಯುತ್ತ ಕೂತಿದ್ದೆ. ದೇವೀರಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕೈಯಲ್ಲಿ ಕೇಳಿದಳು: ಗಾಣದ ಬೀದಿಯ ಪುಟ್ಟಮ್ಮ ಅತ್ತೆಗೆ ಬೈದದ್ದನ್ನು ನೀನು ನನಗೆ ಒಂದಕ್ಷರ ಬಿಡದೆ ಹೇಳಿದೆ. ಪಂಚರ ಮನೆಯ ಮದುವೆ ಮುರಿದದ್ದು ಹೇಳಿದೆ. ಇಮಾಮಣ್ಣ ಅಂಚೆ ಕಚೇರಿಯ ಮೇಲಿಂದ ಕೂಗಿದ್ದೂ ಹೇಳಿದೆ. ಈ ಒಂದನ್ನು ಮಾತ್ರ ಯಾಕೆ ನಗಾರಿಯಲ್ಲಿ ಹೇಳಿದೆ?

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಕೈಯಲ್ಲಿ ಹೇಳಿದರೆ ಹಿಡಿಯುತ್ತದೋ ಇಲ್ಲವೋ ಗೊತ್ತಿಲ್ಲ, ಯಾರೂ ಹೇಳಿ ನೋಡಿಲ್ಲ ಎಂದು ಬೆರಳಾಡಿಸಿದೆ. ಯಾಕೆ ನೋಡಿಲ್ಲ, ಎಂದಳು. ಅಪ್ಪ ಬೇಡ ಎಂದಿದ್ದರು, ಎಂದೆ. ನೀನು ಅಪ್ಪನನ್ನು ಕೇಳಿದ್ದೆಯಾ, ಎಂದಳು. ಕೇಳಿದ್ದೆ. ಯಾವಾಗ? ನಾನು ತಲೆ ತಗ್ಗಿಸಿದೆ. ಅವಳು ನನ್ನ ಗದ್ದ ಹಿಡಿದೆತ್ತಿದಳು, ಯಾಕೆಂದರೆ ತಲೆ ತಗ್ಗಿಸಿದರೆ ನಮ್ಮ ಮಾತು ನಿಂತುಹೋಗುತ್ತದೆ. ಶಾಲೆಯ ಕಾನೂನು ಬಂದ ದಿನ, ಎಂದೆ. ಆಮೇಲೆ ನಾನೇ ತಮಟೆ ಹೊತ್ತು ಹತ್ತು ವರ್ಷವಾಯಿತು, ಆಗಲೂ ನನಗೆ ಬೀದಿಯಲ್ಲಿ ಕೈಯೆತ್ತಲು ನಾಚಿಕೆಯಿತ್ತು, ಎಂದೆ. ದೇವೀರಿಯ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಅವಳು ನನಗೆ ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊನೆಗೆ ಎದ್ದು, ಸೋಮವಾರಕ್ಕೆ ಎರಡು ದಿನ ಇದೆ, ಎಂದಳು.

ಶನಿವಾರ, ಭಾನುವಾರ ನಮ್ಮ ಹಿತ್ತಲಿನಲ್ಲಿ ಏಳೂ ಜನ ಸೇರಿದರು. ನಮ್ಮ ಕೈಮಾತಿನಲ್ಲಿ ಅತ್ತೆ, ರೊಟ್ಟಿ, ಸುಳ್ಳು ಇದ್ದವು. ಸರ್ಕಾರ, ಸಮಾನ, ಕಲಮು ಇರಲಿಲ್ಲ. ಒಂದೊಂದನ್ನೂ ಹುಟ್ಟಿಸಬೇಕಾಯಿತು. ಲಿಂಗಾಚಾರಿ ಕುಲುಮೆಯಲ್ಲಿ ತಾನು ಬಳಸುತ್ತಿದ್ದ ಸನ್ನೆಗಳನ್ನು ತಂದ. ಗಾಣದ ಅಣ್ಣತಮ್ಮಂದಿರಿಗೆ ಅವರದೇ ಒಂದು ಕೈಮಾತು ಇತ್ತು, ನಮ್ಮದಕ್ಕಿಂತ ಚೆಂದ. ಹಕ್ಕು ಎನ್ನುವಲ್ಲಿ ನಾನು ತಡವರಿಸಿದೆ. ತೋಚದೆ ಅಂಗೈ ಮೇಲೆ ಮಾಡಿ, ಮುಂದೆ ಚಾಚಿ ತೋರಿಸಿದೆ. ದೇವೀರಿ ನನ್ನ ಅಂಗೈಗೆ ಪಟ್ಟನೆ ಹೊಡೆದಳು. ಬೇಡುವುದಲ್ಲ ಇದು, ಎಂದಳು. ಆಮೇಲೆ ನೆಲದ ಮೇಲೆ ಒಂದು ತಟ್ಟೆ ಇದ್ದ ಹಾಗೆ ಗುಂಡಗೆ ಬೆರಳಾಡಿಸಿ, ಅದರ ಅಂಚಿನ ಮೇಲೆ ಕೈ ಊರಿ ಕೂತಳು. ಇದು ನನ್ನ ತಟ್ಟೆ. ಕೊಟ್ಟರೂ ನನ್ನದು, ಕೊಡದಿದ್ದರೂ ನನ್ನದು. ಏಳೂ ಜನ ಒಬ್ಬರಾದ ಮೇಲೆ ಒಬ್ಬರು ನೆಲಕ್ಕೆ ಕೈ ಊರಿದರು. ಎಲ್ಲರಿಗಿಂತ ಗಟ್ಟಿಯಾಗಿ ಊರಿದವಳು ನೀಲಿ, ಅವಳ ಬಳೆ ಒಂದು ಒಡೆಯಿತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸರ್ವೆ ಕಚೇರಿಯ ಮುಂದಿನ ಚೌಕಕ್ಕೆ ಹೋದೆವು. ತಮಟೆಯನ್ನು ಅರಳಿಮರದ ಗೂಟಕ್ಕೆ ನೇತುಹಾಕಿದೆ. ಸಾರುವ ಕಟ್ಟೆಯ ಮೇಲೆ ಬರಿಗೈಯಲ್ಲಿ ನಿಂತೆ. ಜನ ಸೇರಿದರು. “ಗಂಟ್ಲು ಹೋಯ್ತಲ್ಲ, ಏನ್ ಸಾರ್ತಾಳೆ?” ಎಂದು ಯಾರೋ ಅಂದರು. ಹಿಂದಿನಿಂದ ಒಂದು ನಗು ಕೇಳಿಸಿತು. ಅಪ್ಪ ಹೆದರಿದ್ದ ನಗು ಅದೇ ಇರಬೇಕು. ಕೇಳಿದ ಮೇಲೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ. “ಸುಮ್ನಿರ್ರಯ್ಯ, ಅವ್ಳು ಏನೋ ಹೇಳ್ತಾವ್ಳೆ,” ಎಂದು ಇಮಾಮಣ್ಣ ಗದರಿದ. ನಾನು ಎರಡೂ ಕೈ ಎತ್ತಿದೆ.

ಮೊದಲ ಕಲಮು ತಪ್ಪಿತು. ಎರಡನೆಯದಕ್ಕೆ ಕೈ ಪಳಗಿತು. ಆಮೇಲೆ ನನಗೆ ಜನ ಕಾಣಲಿಲ್ಲ, ಬಿಸಿಲಿನಲ್ಲಿ ನನ್ನ ಕೈಗಳ ನೆರಳು ಚೌಕದ ಮೇಲೆ ಹಾರಾಡುವುದು ಮಾತ್ರ ಕಾಣುತ್ತಿತ್ತು. ಸದ್ದೇ ಇಲ್ಲದ ಡಂಗುರ. ಗಾಡಿ ಎತ್ತುಗಳು ನಿಂತವು, ಹೋಟೆಲಿನ ಮಾಣಿ ಲೋಟ ಹಿಡಿದವನು ಹಿಡಿದಂತೆಯೇ ನಿಂತ. ಕುರ್ಚಿಯ ಕಲಮಿಗೆ ಬಂದೆ. ಕಟ್ಟೆಯ ಮೇಲೆ ಮೊಣಕಾಲೂರಿ, ಇಲ್ಲದ ತಟ್ಟೆಯ ಅಂಚಿಗೆ ಕೈ ಒತ್ತಿದೆ. ಆಗ ದೇವೀರಿ ಎಡಗಾಲು ಎತ್ತಿದಳು. ಇಳಿಸಿದಳು. ಬಲಗಾಲು ಎತ್ತಿದಳು. ಹಿಮ್ಮಡಿಯನ್ನು ಇನ್ನೊಂದು ಕಾಲಿಗೆ ಉಜ್ಜಿಕೊಂಡಳು. ಇಪ್ಪತ್ತೇಳು ವರ್ಷ ಯಾವ ಕಾನೂನೂ ಮುಟ್ಟದ ಕಾಲುಗಳು ಅವು. ಪಕ್ಕದಲ್ಲಿ ಲಿಂಗಾಚಾರಿ ಇರುವೆ ಕಚ್ಚಿದವನ ಹಾಗೆ ಕುಣಿಯುತ್ತಿದ್ದ. ದೇವೀರಿ ನನ್ನ ಕಡೆ ನೋಡಿ ಕೈಯಲ್ಲಿ, ಇದೇನಾ, ಎಂದಳು. ಇದೇ ಎಂದೆ. ನಾನು ಅಳುತ್ತಿದ್ದೆ. ಕೈ ಬಿಡುವಿಲ್ಲದ್ದರಿಂದ ಕಣ್ಣೊರೆಸಿಕೊಳ್ಳಲು ಆಗಲಿಲ್ಲ.

ಅವಳಿಗೆ ಹಿಡಿಯಿತು, ಆದರೆ ಕೊಡುವವರಿಗೂ ಹಿಡಿಯಬೇಕಲ್ಲ. ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. ಅದು ತಾನಾಗಿಯೇ ಆಯಿತು. ಚೌಕದಲ್ಲಿ ಅಷ್ಟು ಜನ ಬಾಯಿ ಮುಚ್ಚಿ ನಿಂತಿರುವುದನ್ನು ಕಂಡು ಪುಟ್ಟಸ್ವಾಮಯ್ಯನವರು ಕಿಟಕಿಗೆ ಬಂದಿದ್ದರು. ತಮಟೆ ಮರದಲ್ಲಿ ನೇತಾಡುತ್ತಿತ್ತು, ಇನ್ನೇನು ಭಯ? ಹತ್ತಿಯಂತೂ ಕಿವಿಯಲ್ಲಿ ಭದ್ರವಾಗಿತ್ತು. ಕಿಟಕಿಯ ಕಂಬಿ ಹಿಡಿದು, ಜಾತ್ರೆಯ ಬೊಂಬೆಯಾಟ ನೋಡುವವರಂತೆ ನನ್ನ ಕೈಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಒಂದಾದರೂ ಅರ್ಥವಾಗಿರಲಾರದು. ಅರ್ಥವಾಗಲೇಬೇಕೆಂದಿಲ್ಲವಲ್ಲ. ನಾನು ಕೈ ಇಳಿಸಿದಾಗ ಅವರ ಮುಖ ಸೆಟೆದುಕೊಂಡಿತು. ಬಗ್ಗಿ ತಮ್ಮ ಹಿಮ್ಮಡಿ ಮುಟ್ಟಿಕೊಂಡದ್ದು ಕೆಳಗಿನವರೆಲ್ಲರಿಗೂ ಕಂಡಿತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅವರೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಆದೇಶದ ಕಾಗದ, ಶಾಯಿ ಇನ್ನೂ ಹಸಿ. ದೇವೀರಿಯ ಹೆಸರು ಅವರ ಕೈ ತಾನೇ ಬರೆದಿತ್ತು. ಅವಳಿಗೆ ಕೊಟ್ಟು, ಎರಡೂ ಕಿವಿಯಿಂದ ಹತ್ತಿ ತೆಗೆದರು. “ಕಣ್ಣಿಗೂ ಇಟ್ಕೊಂಡ್ರೆ ನಕಾಶೆ ಹೆಂಗಮ್ಮ ನೋಡ್ಲಿ,” ಎಂದರು. ನಾನು ಬಿದ್ದುಹೋದ ಗಂಟಲಲ್ಲಿ ಗೊರಗೊರ ಮಾಡಿ ಏನೋ ಹೇಳಿದೆ. “ನಿನ್ ಗಂಟ್ಲು ಇಷ್ಟು ಕೆಟ್ಟದಾ ಸಾಕಮ್ಮ? ಇದಕ್ಕಾ ನಾನು ಇಷ್ಟ್ ವರ್ಷ ಹೆದರಿದ್ದು?” ಎಂದು ನಕ್ಕರು. ಅರಳಿಮರದ ಎಲೆಗಳ ಸದ್ದನ್ನು ಅವರು ತುಂಬ ಹೊತ್ತು ಕೇಳುತ್ತ ನಿಂತಿದ್ದರು. ಆದೇಶದಲ್ಲಿ, ಮಂಗಳವಾರದಿಂದ ಕೆಲಸಕ್ಕೆ ಬರತಕ್ಕದ್ದು ಎಂದಿತ್ತು.

ಆ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿದೆವು. ನೀಲಿಯೂ ನಮ್ಮ ಜೊತೆ ಬಂದಿದ್ದಳು, ಒಡೆದ ಬಳೆಯ ಚೂರುಗಳನ್ನು ಅಂಗಳದಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ದೇವೀರಿ ತಟ್ಟೆ ತೊಳೆದಿಟ್ಟು ಬಂದು ನನ್ನೆದುರು ನಿಂತಳು. ಶಾಲೆಯ ಕಾನೂನು ನಿನಗೆ ನೆನಪಿದೆಯಾ, ಎಂದು ಕೇಳಿದಳು. ಹಳೆಯ ಕಾನೂನುಗಳೆಲ್ಲ ನನಗೆ ಬಾಯಿಪಾಠ. ವರ್ಷಕ್ಕೊಮ್ಮೆ ಹೊಸ ಮಕ್ಕಳಿಗಾಗಿ ಮತ್ತೆ ಸಾರುತ್ತೇನೆ. ಇದೆ, ಎಂದೆ. ಹೇಳು, ಎಂದಳು. ಬೇಡ ಕಣೇ, ನಿನಗೆ ವಯಸ್ಸು ದಾಟಿದೆ, ಹಿಡಿಯುವುದಿಲ್ಲ, ಎಂದೆ. ಹಿಡಿಯದಿದ್ದರೆ ಬಿಡಲಿ, ನನಗೆ ಹೇಳಬೇಕಾದದ್ದನ್ನು ನನಗೆ ಹೇಳು, ಎಂದಳು.

ಅಂಗಳದ ಹಾಸುಗಲ್ಲಿನ ಮೇಲೆ ನಿಂತು ಹೇಳಿದೆ. ಅಪ್ಪ ಹೇಳದೆ ಬಿಟ್ಟದ್ದನ್ನು, ನಾನು ಹೇಳದೆ ಬಿಟ್ಟದ್ದನ್ನು, ಕೊನೆಯ ಅಕ್ಷರದವರೆಗೆ, ಅವಸರವಿಲ್ಲದೆ, ಕೈ ತುಂಬ ಹೇಳಿದೆ. ದೇವೀರಿ ಹೊಸಿಲ ಮೇಲೆ ನಿಂತು ನೋಡಿದಳು. ಮುಗಿದ ಮೇಲೆ ತನ್ನ ಪಾದಗಳನ್ನೇ ನೋಡುತ್ತ ಕಾದಳು. ಬಿಸಿಲು ಒಂದು ಗೇಣು ಸರಿಯಿತು. ಅವಳ ಹಿಮ್ಮಡಿ ಜುಮ್ಮೆನ್ನಲಿಲ್ಲ. ಅವಳು ತಲೆಯೆತ್ತಿ, ಇಲ್ಲ, ಎಂದು ಕೈಯಾಡಿಸಿದಳು. ನಾನು ಅವಳ ಕೈ ಹಿಡಿದುಕೊಂಡೆ, ತಪ್ಪಾಯಿತು ಎನ್ನುವುದಕ್ಕೆ ನಮ್ಮಲ್ಲಿ ಬೇರೆ ಸನ್ನೆ ಇರಲಿಲ್ಲ. ಅವಳು ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ನನ್ನ ಹೆಗಲಾಚೆಗೆ ಹೋಯಿತು, ಹಾಗೇ ನೆಟ್ಟಿತು.

ತಿರುಗಿ ನೋಡಿದೆ. ನೀಲಿ ಎದ್ದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಬಳೆಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತನ್ನ ಕಾಲುಗಳ ಕಡೆ ಆಶ್ಚರ್ಯದಿಂದ ನೋಡುತ್ತ, ಅವುಗಳ ಹಿಂದೆ ಹಿಂದೆಯೇ ಅಂಗಳ ದಾಟಿ, ಶಾಲೆಯ ಬೀದಿಗೆ ಇಳಿದಳು.